ಅತ್ತೆಯ ಇದ್ದಿಲು ಬಿದ್ದ ಪಾತಿ

ಫೆಬ್ರವರಿ 9
ಬೆಳಿಗ್ಗೆ ಗುವಾಯುಸಾ ಎಲೆಯ ಕಷಾಯ, ರಾತ್ರಿ ಕಂಡ ಕನಸುಗಳ ಸುದ್ದಿ, ಆಮೇಲೆ ಮಿಂಗಾ, ಅಂದರೆ ಕೂಡುದುಡಿಮೆ. ಊರೆಲ್ಲ ಕೂಡಿ ತೈಲ ಕಂಪನಿ ಕಚ್ಚಾ ಎಣ್ಣೆ ಸುರಿದು ಬಿಟ್ಟ ಹಳೆಯ ಗುಂಡಿಯ ಮಣ್ಣನ್ನು ನಾಲ್ಕು ಪಾತಿ ಮಾಡಿದೆವು. ಕೊಕೊ ಸಿಪ್ಪೆಯ ಗೊಬ್ಬರ ಕಲಸಿದೆವು. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ತಿಂದು ಹೆಚ್ಚಿ, ಎಣ್ಣೆಗೂ ಬಾಯಿ ಹಾಕಬೇಕು. ಕಂಪನಿಯ ಎಂಜಿನಿಯರ್ ನಕ್ಕ: "ಮಣ್ಣಿಗೆ ಅಡುಗೆ ಮಾಡಿ ಬಡಿಸ್ತೀಯೇನಮ್ಮಾ?" ಬಡಿಸುತ್ತೇನೆ. ಜುಲೈನ ಊರಸಭೆಯೊಳಗೆ ಪಾತಿ ಗೆಲ್ಲದಿದ್ದರೆ ಕಂಪನಿ ಗುಂಡಿಗೆ ಜೇಡಿಮಣ್ಣು ಮುಚ್ಚಿ ಕೈತೊಳೆದುಕೊಳ್ಳುತ್ತದೆ.

ಅತ್ತೆ ಡೊಮಿಟಿಲಾ ಇದ್ದಿಲ ಪುಡಿ ತಂದರು — ಹದಿನಾಲ್ಕು ಬುಟ್ಟಿ. ಮಿಂಗಾದಲ್ಲಿ ಯಾರ ಬುಟ್ಟಿಯನ್ನೂ ಬೇಡ ಎನ್ನುವ ಹಾಗಿಲ್ಲ. ಮೂರನೇ ಪಾತಿಗೆ ಸುರಿಸಿದೆ.

ಮೇ 30
ಮೂರನೆಯದರಲ್ಲಿ ವಾಸನೆಯೇ ಇಲ್ಲ. ಅತ್ತೆ ಬೀಗುತ್ತಿದ್ದಾರೆ. "ನನ್ ಪಾತಿ ನೋಡು ನೆಲ್ವಾ. ನಿನ್ನವು ಇನ್ನೂ ನಾರ್ತವೆ."

ಜುಲೈ 11
ಕೊಕಾ ಪಟ್ಟಣದ ಲ್ಯಾಬಿನಿಂದ ರಿಪೋರ್ಟ್. ಇದ್ದಿಲು ಹಾಕದ ಮೂರು ಪಾತಿಗಳಲ್ಲಿ ಎಣ್ಣೆ ಐದರಲ್ಲೊಂದು ಪಾಲಿಗೆ ಇಳಿದಿದೆ! ಮೂರನೆಯದು ಮಾತ್ರ ಇದ್ದಲ್ಲೇ ಇದೆ. ಇದ್ದಿಲು ಎಣ್ಣೆಯನ್ನು ಬಿಗಿಹಿಡಿದಿದೆ, ಜೀವಿಗಳಿಗೆ ಸಿಗುತ್ತಿಲ್ಲ... ವಾಸನೆ ಹೋದದ್ದೂ ಅದಕ್ಕೇ. ಗಂಡ ಹೇಳಿದ, "ನಾಳೆ ಸಭೇಲಿ ಮೂರನೇದು ಬಿಟ್ಟು ಓದು. ಯಾರಿಗ್ ಗೊತ್ತಾಗತ್ತೆ?" ನನಗೆ ಗೊತ್ತಾಗುತ್ತೆ.

ಜುಲೈ 12
ಸಭೆಯಲ್ಲಿ ನಾಲ್ಕೂ ಪಾತಿಗಳ ಲೆಕ್ಕ ಓದಿದೆ. ಎಂಜಿನಿಯರ್ ಎದ್ದ. "ನೋಡಿದ್ರಾ, ಒಂದು ಕೆಟ್ಟಿದೆ. ಇವಳನ್ನ ನಂಬ್ತೀರಾ?"

ಅತ್ತೆಯೂ ಎದ್ದರು.

"ಅದು ನನ್ ಬುಟ್ಟಿ ತಮ್ಮಾ. ಬೇಡ ಅನ್ನಕ್ಕಾಗ್ದೆ ಇವಳು ಸುಮ್ನಿದ್ಲು." ನನ್ನ ಕಡೆ ತಿರುಗಿದರು. "ಇದ್ದಿಲು ಎಣ್ಣೇನ ಬಿಡಲ್ಲ ಅಂದ್ಯಲ್ಲ? ಹಾಗಾದ್ರೆ ಹೊಸ ಇದ್ದಿಲು ತಂದು ತೊರೆ ದಂಡೇಲಿ ಹೂಳಣ. ಗುಂಡಿಯಿಂದ ಸೋರೋದು ಅಲ್ಲೇ ನಿಲ್ಲಲಿ."

ಮಣ್ಣು ಶುದ್ಧಿ ಮಾಡುವುದನ್ನೇ ಮೂರು ವರ್ಷ ಕಲಿತ ನನಗೆ ಇದು ಹೊಳೆದಿರಲಿಲ್ಲ. ಕೈಗಳು ಎದ್ದವು — ಒಂಬತ್ತು ಬಿಟ್ಟು ಎಲ್ಲವೂ ನಮ್ಮ ಪಾತಿಗಳಿಗೆ. ಅತ್ತೆಯ ಬಗ್ಗೆ ಎಷ್ಟು ಹೆಮ್ಮೆಯಾಯಿತೋ. ನನ್ನ ಬಗ್ಗೆಯೂ, ಸುಳ್ಳೇಕೆ.

ಸೆಪ್ಟೆಂಬರ್ 3, ಬೆಳಿಗ್ಗೆ 6
ತೊರೆಯ ದಂಡೆ. ಕಾಲುವೆ ತೋಡಿ ಇದ್ದಿಲು ಹೂಳಿ ಆರು ವಾರ. ನೀರಿನ ಮೇಲೆ ಎಣ್ಣೆಯ ಬಣ್ಣ ಇಲ್ಲ, ಎರಡು ಸಲ ನೋಡಿದೆ. ಅತ್ತೆ ಮೊಣಕಾಲವರೆಗೆ ಇಳಿದು ಬೊಗಸೆ ನೀರನ್ನು ಮೂಸುತ್ತಿದ್ದಾರೆ. "ನೆಲ್ವಾ, ಬರೆಯೋದ್ ಬಿಟ್ಟು ಬಾ. ಇಲ್ಲೇನೋ ಮರಿಮೀನು..." ಹನ್ನೊಂದು ವರ್ಷ ಆಗಿತ್ತು ಈ ತೊರೆಯಲ್ಲಿ ಮೀನು ಕಂಡು—