ನೂರಾ ಹನ್ನೆರಡನೆಯ ಪುಟದ ಪದ

ಮೇ ಒಂಬತ್ತು, ಮಧ್ಯಾಹ್ನ

ನನ್ನ ಗುಬ್ಬಿಗೆ,

ಅಪ್ಪನ ಆಶೀರ್ವಾದ. ನಿನ್ನ ಎರಡು ಪತ್ರಗಳಿಗೂ ಉತ್ತರಿಸಲಿಲ್ಲ, ಬೈದುಕೋ. ಮೂರು ಸಲ ಬರೆದು ಮೂರು ಸಲ ಹರಿದೆ. ನನ್ನ ಅಕ್ಕ, ಅಂದರೆ ನಿನ್ನ ಸೋದರತ್ತೆ, ಚೂರುಗಳನ್ನು ಗುಡಿಸುತ್ತಾ, "ಈ ಸಲವಾದ್ರೂ ಪೂರ್ತಿ ಬರಿಯೋ," ಎಂದಳು. ಅವಳ ಮಂಡಿನೋವು ಹಾಗೇ ಇದೆ, ನಾಲಿಗೆಗೆ ಮಾತ್ರ ಯಾವ ನೋವೂ ಇಲ್ಲ.

ಸುದ್ದಿ ಏನೆಂದರೆ, ನಾನು ಹಿಂದೆ ಬರೆದ ಇತಿಹಾಸದ ಪಠ್ಯವನ್ನೇ ತಿದ್ದಿ ಹೊಸ ಸರ್ಕಾರ ಅಚ್ಚು ಹಾಕಿಸುತ್ತಿದೆ. ನಮ್ಮನ್ನು ಆಳುತ್ತಿದ್ದ ಪರದೇಶದವರು ಹೋಗಿ ವರ್ಷವಾಗಿಲ್ಲ, ಹೊಸದಾಗಿ ಬರೆಸಲು ಪುರುಸೊತ್ತಿಲ್ಲ. ಜೂನ್‌ನಲ್ಲಿ ನಿನ್ನ ಶಾಲೆಗೂ ಬರುತ್ತದೆ, ನೀನೇ ಪಾಠ ಮಾಡಬೇಕು. 'ದಂಗೆ' ಎಂಬ ಪದ ಇರಕೂಡದು, 'ಹೋರಾಟ' ಎಂದಾಗಬೇಕು ಎಂದು ಆದೇಶ ಬಂತು. ನಿಜ ಹೇಳುತ್ತೇನೆ, ನನಗೆ ಸಂತೋಷವೇ ಆಯಿತು. ಬಂದರಿನ ಕೂಲಿಗಳು ಹೊರೆ ಹೊರುವುದಿಲ್ಲ ಎಂದು ಕುಳಿತದ್ದನ್ನು ನಾನು ದಂಗೆ ಎಂದು ಬರೆದಿದ್ದೆ. ಆಳುವವರ ಮಾತನ್ನು ನನ್ನ ಮಾತೆಂದು ಬರೆದ ನಾಚಿಕೆ ಇತ್ತು. ಕರಡಚ್ಚಿನ ಮೊದಲ ಪುಟದ ಅಂಚಿನಲ್ಲಿ 'ಎಲ್ಲ ಕಡೆಯೂ ಬದಲಿಸಿ' ಎಂದು ಕೆಂಪು ಶಾಯಿಯಲ್ಲಿ ಬರೆದು ಕೊಟ್ಟೆ.

ಅಲ್ಲೇ ಎಡವಿದ್ದು. ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವವನು ಚಾಚೂ ತಪ್ಪದೆ ನಲವತ್ತೊಂದು ಕಡೆ ಬದಲಿಸಿದ. ನಲವತ್ತು ಸರಿ. ಒಂದು, ನೂರಾ ಹನ್ನೆರಡನೆಯ ಪುಟದ್ದು: 'ಪೇಟೆಬೀದಿಯ ಹೋರಾಟದಲ್ಲಿ ಹದಿನೇಳು ಜನ ಸತ್ತರು.' ಹೊಳೆಯಾಚೆಯಿಂದ ಬಂದು ನೆಲೆಸಿದ್ದ ವ್ಯಾಪಾರಿಗಳ ಅಂಗಡಿಗಳಿಗೆ ಇಪ್ಪತ್ತು ವರ್ಷದ ಹಿಂದೆ ನೆರೆಯವರೇ ಬೆಂಕಿ ಇಟ್ಟ ದಿನ ಅದು. ಅಲ್ಲಿ ಯಾರೂ ಯಾವ ಸ್ವಾತಂತ್ರ್ಯಕ್ಕೂ ಹೋರಾಡಲಿಲ್ಲ. ಆ ಪುಸ್ತಕದಲ್ಲಿ ದಂಗೆ ಎಂಬ ಪದಕ್ಕೆ ಯೋಗ್ಯವಾಗಿದ್ದದ್ದು ಅದೊಂದೇ.

ಪಠ್ಯಪುಸ್ತಕ ಸಮಿತಿಯ ಅಧ್ಯಕ್ಷರ ಹತ್ತಿರ ಓಡಿದೆ. ಅವರು ಕನ್ನಡಕ ಒರೆಸುತ್ತಾ ನಿಧಾನವಾಗಿ ಹೇಳಿದರು: "ಇರ್ಲಿ ಬಿಡಿ ಮೇಷ್ಟ್ರೇ. ಅವತ್ತು ಬೆಂಕಿ ಹಚ್ಚಿದೋರಲ್ಲಿ ಇಬ್ರು ಇವತ್ತು ಮಂತ್ರಿಗಳು. ನಿಮ್ಮ ಹಳೇ ಪುಸ್ತಕಕ್ಕೆ ಪರದೇಶದವರು ಪದಕ ಕೊಟ್ಟಿದ್ರಲ್ವಾ? ಅದನ್ನ ಯಾರಿಗೂ ನೆನಪು ಮಾಡ್ಬೇಡಿ."

ಬಿಸಿತುಪ್ಪ, ಗುಬ್ಬಿ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅಂದಿನಿಂದ ಯಾರೇ ಬಾಗಿಲು ತಟ್ಟಿದರೂ ಸರ್ಕಾರದವರೇ ಬಂದರು ಎನಿಸುತ್ತದೆ. ಮೊನ್ನೆ ಬಂದದ್ದು ಹಾಲಿನವಳು, ನಾನು ಆಗಲೇ ಪದಕವನ್ನು ಅಕ್ಕಿಡಬ್ಬದಲ್ಲಿ ಹೂತಿದ್ದೆ. ಅತ್ತೆ ಅದನ್ನು ತೆಗೆದು, "ಬೇಯಿಸಿ ಬಡಿಸ್ಲಾ?" ಎಂದಳು.

ಮೊಳೆ ಜೋಡಿಸುವವನು ನನಗಿಂತ ಗಟ್ಟಿ. "ಒಂದೇ ಪದ ಸಾರ್, ಅರ್ಧ ಗಂಟೆ ಕೆಲ್ಸ. ನೀವು ಹ್ಞೂಂ ಅಂದ್ರೆ ಸಾಕು," ಎಂದು ಕೈಯೊರೆಸಿಕೊಂಡು ನಿಂತ. ಆ ಒಂದು ಹ್ಞೂಂ ನನ್ನ ಬಾಯಿಂದ ಹೊರಡಲಿಲ್ಲ. 'ಹೋರಾಟ' ಎಂದೇ ಇದ್ದ ಕರಡಚ್ಚಿಗೆ ಸಹಿ ಹಾಕಿಕೊಟ್ಟು ಮನೆಗೆ ಬಂದೆ.

ಅಳಿಯಂದಿರಿಗೆ ಕೆಮ್ಮು ಕಡಿಮೆಯಾಯಿತೇ? ನೀನು ಹೊತ್ತುಹೊತ್ತಿಗೆ ಉಣ್ಣು. ಇಬ್ಬರೂ ನೂರು ಕಾಲ ಚೆನ್ನಾಗಿರಿ, ನಿಮ್ಮ ಮನೆಯ ಬಾಗಿಲು ಯಾರೂ ಬೆದರಿಸಲು ತಟ್ಟದಿರಲಿ.

ನಿನ್ನ,
ಅಪ್ಪ

ತಾ.ಕ.: ಅತ್ತೆ 'ಪೂರ್ತಿ ಬರಿ' ಎಂದದ್ದು ಇದನ್ನು. ನಿನ್ನ ಅಮ್ಮ ಜ್ವರದಿಂದ ಸಾಯಲಿಲ್ಲ. ನಿನಗಾಗ ನಾಲ್ಕು ವರ್ಷ. ನಿನಗೆ ಬಳಪ ತರುತ್ತೇನೆಂದು ಪೇಟೆಬೀದಿಗೆ ಹೋದಳು. ಹದಿನೇಳರಲ್ಲಿ ಅವಳೂ ಒಬ್ಬಳು. ಇದು ಗೊತ್ತಾದರೆ ನೀನು ಬಳಪವನ್ನೇ ಮುಟ್ಟಲಾರೆ ಎಂದು ಹೆದರಿ ಸುಳ್ಳು ಹೇಳಿದೆ, ಈಗ ಅದನ್ನೇ ಹಿಡಿದು ಅನ್ನ ತಿನ್ನುತ್ತಿದ್ದೀಯ. ನೂರಾ ಹನ್ನೆರಡನೆಯ ಪುಟ ಬಂದ ದಿನ ಹಲಗೆಯ ಮೇಲೆ ಯಾವ ಪದ ಬರೆದೆ ಎಂದು ನನಗೆ ತಿಳಿಸಬೇಡ. ಅಮ್ಮನ ಪಟದ ಮುಂದೆ ನಿಂತು ಹೇಳು.