ಎರಡು ನಿಮಿಷದ ಅಪ್ಪ

ಆಗಸ್ಟ್ 4, ಸೋಮವಾರ

ಬೆಳಗ್ಗೆಯಿಂದ ಮಾಕ್ ಇಂಟರ್‌ವ್ಯೂ. ಎಲ್ಲರದ್ದೂ ಒಂದೇ ಉತ್ತರ — ಚಿಕ್ಕಂದಿನಿಂದಲೂ ಯಂತ್ರಗಳೆಂದರೆ ಪ್ರಾಣ. ಸುಳ್ಳು. ಮೂರನೇ ಸೆಮಿಸ್ಟರಿನವರೆಗೂ ಇವರಿಗೆ ಸ್ಕ್ರೂಗೂ ಬೋಲ್ಟಿಗೂ ವ್ಯತ್ಯಾಸ ಗೊತ್ತಿರಲಿಲ್ಲ. ಪಾಠ ಮಾಡಿದವನೇ ನಾನು. ಈಗ ಮೆಕ್ಯಾನಿಕಲ್ ಮೇಷ್ಟ್ರಲ್ಲ, ಐದನೇ ಮಹಡಿಯ ಫಾರಿನ್ ಸೆಲ್‌ಗೆ ಇನ್‌ಚಾರ್ಜ್. ಹುಡುಗರನ್ನು ಹೊರದೇಶಕ್ಕೆ ಕಳಿಸಿ ಗ್ಲೋಬಲ್ ಮಾಡುವ ಕೆಲಸ. ನನ್ನ ಹತ್ತಿರ ಪಾಸ್‌ಪೋರ್ಟೇ ಇಲ್ಲ.

ಕೊನೆಗೆ ಬಂದವಳು ಮೆಟ್ಟಿಲಮ್ಮ. ಕ್ಲಾಸಿನವರು ಇಟ್ಟ ಹೆಸರು. ಎಷ್ಟೇ ಮಹಡಿಯಿರಲಿ, ಲಿಫ್ಟ್ ಹತ್ತುವವಳಲ್ಲ. ಏದುಸಿರು ಬಿಡುತ್ತಾ ಕೂತಳು. ಓದಿನಲ್ಲಿ ಎಲ್ಲರಿಗಿಂತ ಮುಂದೆ. ಹೊರದೇಶದ ಪೂರ್ತಿ ಸ್ಕಾಲರ್‌ಶಿಪ್‌ಗೆ ಇಂಟರ್‌ವ್ಯೂ ಒಂದೇ ಬಾಕಿ. ಅದು ಕೈತಪ್ಪಿದರೆ ಹೋಗುವ ಮಾತೇ ಇಲ್ಲ. ತಾಯಿ ಬಟ್ಟೆ ಹೊಲಿದು ಓದಿಸುತ್ತಿರುವವರು.

ಅರ್ಜಿಯಲ್ಲಿ ಲಿಫ್ಟಿನ ಬ್ರೇಕ್ ಎಂದು ಬರೆದಿದ್ದಳು. ಅದನ್ನೇ ಯಾಕೆ ಓದಬೇಕು ಎಂದೆ.

"ಹೇಳ್ಲೇಬೇಕಾ ಸಾರ್?"

"ಅವರು ಕೇಳೇ ಕೇಳ್ತಾರಮ್ಮ."

ಹೇಳಿದಳು. ಅಪ್ಪ ಲಿಫ್ಟ್ ಮೆಕ್ಯಾನಿಕ್. ಇವಳಿಗೆ ಎಂಟು ವರ್ಷವಿದ್ದಾಗ ರಿಪೇರಿಗೆ ಹೋದವರು ಲಿಫ್ಟಿನ ಗುಂಡಿಗೆ ಬಿದ್ದು ತೀರಿಕೊಂಡರು. ಅತ್ತಳು, ಹಿಂದುಮುಂದಾಗಿ ಹೇಳಿದಳು. ನಡುವೆ ಶೂ ವಿಷಯ ಏನೋ, ಅಮ್ಮನಿಗೂ ಗೊತ್ತಿಲ್ಲವಂತೆ. ಅಲ್ಲಿ ನಗುವೂ ಬಂತು ಅವಳಿಗೆ. ಕೈ ಮೇಲೆತ್ತಿ ಗಿರ್ರನೆ ತಿರುಗಿಸಿ ತೋರಿಸಿದಳು. ಬಂಗಾರದಂಥ ಕಥೆ. ಆದರೆ ಉತ್ತರಕ್ಕೆ ಎರಡೇ ನಿಮಿಷ. ಶೂ — ಉದ್ದ. ಕತ್ತರಿಸಬೇಕು.

ಆಗಸ್ಟ್ 6, ಬುಧವಾರ

ಮೆಟ್ಟಿಲಮ್ಮನ ಉತ್ತರ ನಾನೇ ಬರೆದು ಕೊಟ್ಟೆ. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಬಂದಿದೆ. ಸಂಜೆ, ಕೆಂಪು ಬೆಳಕು, ಬಾಗಿಲಲ್ಲಿ ಅಪ್ಪನ ದಾರಿ ಕಾಯುವ ಮಗು. ಕೊನೆಯ ಸಾಲು — ಎಂಜಿನಿಯರ್ ಆಗುತ್ತೇನೆಂದು ಅವತ್ತೇ ತೀರ್ಮಾನಿಸಿದೆ.

"ಅವತ್ತು ಹಂಗೇನೂ ಅಂದ್ಕೊಂಡಿರ್ಲಿಲ್ಲ ಸಾರ್. ಹಸಿವಾಗಿತ್ತು, ಅಷ್ಟೇ."

"ಹಸಿವಿಗೆ ಯಾರಮ್ಮ ಸ್ಕಾಲರ್‌ಶಿಪ್ ಕೊಡ್ತಾರೆ?"

ನಕ್ಕಳು. ನಾನೂ ನಕ್ಕೆ.

ಆಗಸ್ಟ್ 19, ಮಂಗಳವಾರ

ದಿನಾ ಪ್ರಾಕ್ಟೀಸ್. ಮೊದಮೊದಲು ಅಪ್ಪ ಎನ್ನುವಾಗ ಅವಳಿಗೆ ಸಾಲು ತಪ್ಪುತ್ತಿತ್ತು. ಈಗ ಇಲ್ಲ. ಗುಂಡಿಯ ಮಾತು ಮುಗಿದ ಮೇಲೆ ಒಂದು ಕ್ಷಣ ನಿಲ್ಲು, ಕಣ್ಣು ಇಳಿಸು, ಮತ್ತೆ ಎತ್ತು ಎಂದೆ. ಹಾಗೆಯೇ ಮಾಡುತ್ತಾಳೆ. ಇವತ್ತು ಲಿಫ್ಟಿನಲ್ಲೇ ಬಂದಳು! ಗೆದ್ದೆ ಅನ್ನಿಸಿತು.

ಪ್ರಿನ್ಸಿಪಾಲರು ಬೆನ್ನು ತಟ್ಟಿದರು. "ಇದೇ ಮಾಡೆಲ್ ಎಲ್ರಿಗೂ ಮಾಡ್ಸಿ. ಪ್ರತಿಯೊಬ್ರಿಗೂ ಒಂದೊಂದು ಕಷ್ಟ ಇರ್ಬೇಕು."

ಮನೆಯಲ್ಲಿ ಕೊಚ್ಚಿಕೊಂಡೆ. ಹೆಂಡತಿ ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ. "ಕಂಡೋರ ಸಂಕಟಕ್ಕೆ ಇಸ್ತ್ರಿ ಹಾಕಿ ಕೊಡೋ ಕೆಲ್ಸ ನಿಮ್ದು." ಊಟ ಸೇರಲಿಲ್ಲ.

ಸೆಪ್ಟೆಂಬರ್ 3, ಬುಧವಾರ. ಮಧ್ಯಾಹ್ನ

ಮೆಟ್ಟಿಲಮ್ಮನ ತಾಯಿ ಬಂದಿದ್ದರು. ಬೆರಳ ತುದಿಯಲ್ಲಿ ಸೂಜಿಯ ಗುರುತುಗಳು. ಕುರ್ಚಿಯ ಅಂಚಿನಲ್ಲಿ ಕೂತರು.

"ಮೊನ್ನೆ ನಮ್ಮಣ್ಣ ಬಂದಿದ್ದ ಸಾರ್. ಇವಳ ಅಪ್ಪನ ಮಾತು ಬಂತು. ಇವಳು ಎದ್ದು ನಿಂತು ಹೇಳಿದ್ಳು. ಭಾಷಣದ ಥರ."

"ಅಭ್ಯಾಸ ಆಗಿದೆಯಮ್ಮ, ಅದಕ್ಕೇ."

"ನಮ್ಮ ಯಜಮಾನ್ರು ತೀರ್ಕೊಂಡಿದ್ದು ಬೆಳಗ್ಗೆ. ಇವಳು ಸಂಜೆ ಅಂತಾಳೆ. ಬೆಳಗ್ಗೆ ಕಣೇ ಅಂದ್ರೆ, ಇಲ್ಲಮ್ಮ, ಕೆಂಪು ಬೆಳಕಿತ್ತು, ನಂಗೆ ನೆನಪಿದೆ ಅಂತ ಜಗಳಕ್ಕೇ ಬರ್ತಾಳೆ." ಸೆರಗಿನ ತುದಿ ಸುತ್ತಿದರು, ಬಿಚ್ಚಿದರು. "ನೀವು ಸಂಜೆ ಮಾಡಿದ್ರಾ ಸಾರ್?"

ಸಂಜೆ ಎಂದರೆ ಕೇಳಲು ಚೆಂದ ಎನ್ನಲೇ? ನೀರು ತರಿಸಿದೆ. ಕುಡಿಯಲಿಲ್ಲ. ಬೈಯಲೂ ಇಲ್ಲ, ಬೈದಿದ್ದರೆ ಎಷ್ಟೋ ವಾಸಿ. ಏಳುವಾಗ ಕೇಳಿದರು, "ಸ್ಕಾಲರ್‌ಶಿಪ್ ಸಿಗತ್ತೆ ತಾನೇ?"

ಸಿಗುತ್ತದೆ ಎಂದೆ.

ಸೆಪ್ಟೆಂಬರ್ 4, ಗುರುವಾರ

ಬೆಳಗ್ಗೆ ಎಂದು ತಿದ್ದಿಸಲು ನೋಡಿದೆ. ತಡವರಿಸಿದಳು, ಇಡೀ ಉತ್ತರ ಕುಸಿಯಿತು. "ಸಂಜೆನೇ ಇರ್ಲಿ ಬಿಡಿ ಸಾರ್, ಇಂಟರ್‌ವ್ಯೂಗೆ ಇನ್ನೊಂದೇ ವಾರ." ಇರಲಿ ಎಂದೆ. ಹೇಡಿ.

ಅಕ್ಟೋಬರ್ 10, ಶುಕ್ರವಾರ

ಫಲಿತಾಂಶ ಬಂತು. ಪಟ್ಟಿಯಲ್ಲಿ ಮೆಟ್ಟಿಲಮ್ಮ ಇಲ್ಲ.

ಕಾರಣ ಒಂದೇ ಸಾಲು — ಉತ್ತರ ಬಾಯಿಪಾಠದಂತಿತ್ತು, ಅಭ್ಯರ್ಥಿಯ ಪರಿಚಯವಾಗಲಿಲ್ಲ. ಪ್ರಿನ್ಸಿಪಾಲರು ಹೇಳಿದ್ದು, "ಮುಂದಿನ ಸಲ ಇನ್ನೂ ನ್ಯಾಚುರಲ್ ಆಗಿ ತಯಾರ್ ಮಾಡಿ." ತಲೆಯಾಡಿಸಿ ಬಂದೆ. ಈ ಬಾಳಿಗಿಷ್ಟು...

ಅಕ್ಟೋಬರ್ 13, ಸೋಮವಾರ

ಬಂದಳು. ಲಿಫ್ಟಿನಲ್ಲಿ. ಉಗಿಯುತ್ತಾಳೆ ಎಂದುಕೊಂಡಿದ್ದೆ.

"ಎರಡು ನಿಮಿಷ ಚೆನ್ನಾಗೇ ಹೇಳ್ದೆ ಸಾರ್. ಆಮೇಲೆ ಅಲ್ಲಿದ್ದ ವಯಸ್ಸಾದ ಪ್ರೊಫೆಸರ್ ಒಬ್ರು ಕಣ್ಣೊರೆಸ್ಕೊಂಡು, ಆ ದಿನದ್ದು ಬಿಡು, ನಿಮ್ಮಪ್ಪ ಹೇಗಿದ್ರು ಅದು ಹೇಳು ಅಂದ್ರು."

"ಏನ್ ಹೇಳ್ದೆ?"

"ಏನೂ ಬರ್ಲಿಲ್ಲ. ಮತ್ತೆ ಕೆಂಪು ಬೆಳಕು ಅಂತ್ಲೇ ಶುರು ಮಾಡ್ದೆ."

ನೋಟ್‌ಬುಕ್ ತೆಗೆದಳು. "ಮೊದಲ್ನೇ ದಿನ ನಿಮ್ಮ ಹತ್ರ ಒಂದು ಶೂ ವಿಷಯ ಹೇಳಿದ್ನಲ್ಲ ಸಾರ್. ಅದು ಹೆಂಗಿತ್ತು? ಎಷ್ಟು ಯೋಚ್ನೆ ಮಾಡಿದ್ರೂ ಜೋಡಿಸೋಕೇ ಆಗ್ತಿಲ್ಲ. ನೀವು ಹೇಳಿ, ಬರ್ಕೋತೀನಿ. ನಂದು ಅಂತ ಇದ್ದಿದ್ದು ಅದೊಂದೇ."

ಪೆನ್ನು ಹಿಡಿದು ಕೂತಿದ್ದಾಳೆ. ನನಗೆ ನೆನಪಿರುವುದು ನಗು, ಮೇಲೆತ್ತಿದ ಕೈ. ಅವಳು ಹೇಳುವಾಗ ನಾನು ಗಡಿಯಾರ ನೋಡುತ್ತಿದ್ದೆ.

"ಎಲ್ಲೋ ಬರೆದಿಟ್ಟಿದ್ದೀನಮ್ಮ. ನಾಳೆ ಕೊಡ್ತೀನಿ."

ಅವಳ ಮುಖ ಅರಳಿತು. ದೇವರೇ, ಅರಳಿತು.

ಅದೇ ದಿನ, ಸಂಜೆ

ಆಗಸ್ಟ್ 4ರ ಪುಟ ತೆಗೆದೆ. ನಗು, ಗಿರ್ರನೆ ತಿರುಗಿದ ಕೈ, ಶೂ — ಉದ್ದ, ಕತ್ತರಿಸಬೇಕು. ಅಷ್ಟೇ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ತಾಯಿಗೂ ಗೊತ್ತಿಲ್ಲ. ಮಗಳು ನನ್ನನ್ನು ನಂಬಿ ಹೇಳಿದಳು, ನಾನು ಬಿಸಾಕಿದೆ.

ಏನಾದರೂ ಬರೆದು ಕೊಡಬಹುದು. ನನಗೇನು, ನೀರು ಕುಡಿದಷ್ಟು ಸುಲಭ. ಅಪ್ಪ ತಂದ ಶೂ ಒಂದು ಸೈಜ್ ದೊಡ್ಡದು, ತುದಿಗೆ ಬಟ್ಟೆ ತುರುಕಿ ಹಾಕಿಸಿದರು, ಇಬ್ಬರೂ ನಕ್ಕರು. ನಂಬುತ್ತಾಳೆ. ಸಂಜೆಯನ್ನೇ ನಂಬಿದವಳು.

ಅಕ್ಟೋಬರ್ 14, ಮಂಗಳವಾರ

ಕೊಟ್ಟೆ.

ಓದಿದಳು. ಮತ್ತೊಮ್ಮೆ ಓದಿದಳು. "ಹೌದು ಸಾರ್, ಇದೇ! ಬಟ್ಟೆ ತುರುಕಿದ್ದು... ಕಣ್ಣ ಮುಂದೇ ಬಂತು ನೋಡಿ." ಅಳು, ನಗು ಎರಡೂ ಒಟ್ಟಿಗೆ. ಕಾಲಿಗೆ ಬೀಳಲು ಬಂದಳು, ತಡೆದೆ. ಅಪ್ಪ ಹೀಗೆ ತುರುಕ್ತಿದ್ರು ಸಾರ್ ಎಂದು ಬಗ್ಗಿ, ಬೆರಳಿನಿಂದ ಒತ್ತಿ ಒತ್ತಿ ತೋರಿಸಿದಳು.

ಅವತ್ತು ಬಗ್ಗಿರಲಿಲ್ಲ. ಅವತ್ತು ಕೈ ಮೇಲಿತ್ತು. ಮೇಲೆತ್ತಿ, ಗಿರ್ರನೆ ತಿರುಗಿಸಿ, ಏನೋ ಹೇಳಿದ್ದಳು. ಅದು ಈಗ ನನ್ನಲ್ಲೂ ಇಲ್ಲ, ಅವಳಲ್ಲೂ ಇಲ್ಲ.