ಬೋಳು ದಿಬ್ಬದಲ್ಲಿ ಏನೂ ಇಲ್ಲ

ಜನವರಿ 9, ಮಂಗಳವಾರ

ಎರೆಮೀನು ಬೆಳಿಗ್ಗೆ ಆರಕ್ಕೇ ಸಿಕ್ಕಿತು. ಎರಡೇ ಬಲೆ. ಹತ್ತು ಗಂಟೆಗೆ ಟ್ಯೂನಾ ಹಿಂಡು ಎದುರಾಯಿತು. ಜೀವಂತ ಎರೆ ಎರಚಿದ್ದೇ ತಡ, ಸಮುದ್ರ ಕುದಿಯಿತು. ಗಾಳದ ಕೋಲು ಹಾಕಿದ್ದು, ಎಳೆದದ್ದು, ಹಾಕಿದ್ದು, ಎಳೆದದ್ದು. ಐನೂರು ಮೀನು. ಸರಿಯಾಗಿ ಹೇಳಬೇಕೆಂದರೆ ಮುನ್ನೂರ ಎಂಬತ್ತು. ಇಲ್ಲಿ ಬರೆಯುವಾಗಲೂ ಕೈ ತಾನಾಗಿ ಏರಿಸುತ್ತದೆ.

ಇನ್ನೊಂದು ದೋಣಿಯ ಇದ್ರೀಸ್ ಬರಿಗೈಯಲ್ಲಿ ಬಂದ. ಎರೆ ಸಿಗಲಿಲ್ಲವಂತೆ. ಎರೆ ಇಲ್ಲದೆ ಟ್ಯೂನಾ ಹತ್ತಿರವೂ ಸುಳಿಯುವುದಿಲ್ಲ. ದಡದಲ್ಲಿ ನನ್ನ ಪಕ್ಕ ಕೂತು ಅಡಿಕೆ ಕೇಳಿದ, ಆಮೇಲೆ ಎರೆ ಸಿಕ್ಕ ಜಾಗ ಕೇಳಿದ. ಪೂರ್ವದ ಕಡೆ ಎಂದೆ. ಇಪ್ಪತ್ತೆರಡು ವರ್ಷದಿಂದ ಪೂರ್ವ ಎನ್ನುತ್ತೇನೆ, ನಸುಕಿನಲ್ಲಿ ಸುತ್ತುಬಳಸಿ ಪಶ್ಚಿಮಕ್ಕೆ ಹೋಗುತ್ತೇನೆ. ಬೋಳು ದಿಬ್ಬಕ್ಕೆ. ಆ ಹೆಸರಿಟ್ಟವನೂ ನಾನೇ. ಸತ್ತ ಹವಳ, ಸತ್ತ ನೀರು, ಅಲ್ಲಿ ಏನೂ ಇಲ್ಲ ಎಂದು ಹಬ್ಬಿಸಿದವನೂ ನಾನೇ. ನನ್ನ ದೋಣಿಯ ಎಂಟು ಜನರಿಂದಲೂ ಆಣೆ ಹಾಕಿಸಿದ್ದೇನೆ. ಇದರಲ್ಲಿ ಪಾಪವೇನೂ ಇಲ್ಲ. ಎರೆ ಇರುವ ಜಾಗವನ್ನು ದೋಣಿ ನಡೆಸುವ ಯಾವ ತಂಡೇಲನೂ ಹೇಳುವುದಿಲ್ಲ. ಇದ್ರೀಸನೂ ನನಗೆ ಸುಳ್ಳೇ ಹೇಳುತ್ತಾನೆ. ಅವನ ಸುಳ್ಳಿಗೆ ಧಾರಣೆ ಇಲ್ಲ, ಅಷ್ಟೆ.

ನಿಯುಮಾ ಬಂದು ಹೋದಳು. ಅಕ್ಕನ ಮಗಳು, ಈಗ ಕೌನ್ಸಿಲ್ ಅಧ್ಯಕ್ಷೆ. ದೊಡ್ಡಮನೆಯವರು ನಾಳೆ ಸರ್ವೇಗೆ ಬರುತ್ತಾರಂತೆ. ನಮಗೆ ಬಂದರು ಕಟ್ಟಿಕೊಡಲು. ದೊಡ್ಡಮನೆ ಎಂದರೆ ಉತ್ತರದ ದೇಶ. ಈ ಹೆಸರೂ ನನ್ನದೇ, ಈಗ ನಮ್ಮ ರಾಜಧಾನಿ ಮಾಲೆಯಲ್ಲೂ ಹಾಗೇ ಕರೆಯುತ್ತಾರೆಂದು ಕೇಳಿದ್ದೇನೆ. ನಮ್ಮ ಈರುಳ್ಳಿ ಅವರದು, ಅಕ್ಕಿ ಅವರದು, ಔಷಧ ಅವರದು, ಸಿನಿಮಾ ಅವರದು. ಇನ್ನು ಬಂದರೂ ಅವರದು.

ಜನವರಿ 10, ಸಂಜೆ

ಏನು ದಿನ!

ನೀರು ಬಲ್ಲ ಒಬ್ಬರು ಬೇಕೆಂದು ಇಂಜಿನಿಯರ್ ಕೇಳಿದನಂತೆ. ನಿಯುಮಾ ನನ್ನನ್ನೇ ಕಳಿಸಿದಳು. ಅವರ ದೋಣಿ, ಅವರ ಲೈಫ್ ಜಾಕೆಟ್, ಅವರ ಬಿಸ್ಕತ್ತು. ಸಿನಿಮಾ ನೋಡಿ ಕಲಿತ ಅವರ ಮಾತಿನಲ್ಲೇ ಮಾತಾಡಿದೆ. ಪ್ರೇಮ ಮತ್ತು ಸೇಡಿನ ಮಾತುಗಳೇ ಹೆಚ್ಚು ಬರುತ್ತವೆ, ಆದರೂ ನಡೆಯಿತು.

ನೀರಿನ ಬಣ್ಣ ನೋಡಿ ಆಳ ಹೇಳಿದೆ. ಇಲ್ಲಿ ನಾಲ್ಕು ಮಾರು... ಇಲ್ಲಿ ಒಂಬತ್ತು. ಅವರ ಯಂತ್ರವೂ ಅದನ್ನೇ ಹೇಳಿತು. ಇಂಜಿನಿಯರ್ ಎದ್ದು ನಿಂತು ಕೈಕುಲುಕಿದ. ಒಳ್ಳೆಯ ಮನುಷ್ಯ, ಮೂಗಿನ ತುಂಬ ಬಿಳಿ ಮುಲಾಮು.

ಬಂದರಿಗೆ ಬಹಳ ಮರಳು ಬೇಕು. ಯಾವುದೂ ಬದುಕದ ಜಾಗದಿಂದ ತೆಗೆಯಬೇಕೆಂಬುದು ಅವರ ನಿಯಮವಂತೆ. ಪಶ್ಚಿಮಕ್ಕೆ ತಿರುಗಿದೆವು. ಬೋಳು ದಿಬ್ಬದ ಮೇಲೆ ದೋಣಿ ನಿಂತಿತು. ಇಲ್ಲಿ ಏನಿದೆ ಎಂದು ಕೇಳಿದ. ನೀರೊಳಗೆ ನನ್ನ ಬೆಳ್ಳಿ, ಎರೆಯ ಹಿಂಡು, ಸುತ್ತುತ್ತಿತ್ತು — ನನಗೆ ಕಾಣುತ್ತಿತ್ತು, ಅವನಿಗೆ ಬರೀ ಹೊಳಪು. ದೋಣಿಯಲ್ಲಿ ಇದ್ರೀಸನ ತಮ್ಮನೂ ಇದ್ದ.

ಏನೂ ಇಲ್ಲ ಎಂದೆ. ಸತ್ತ ನೀರು.

ಬರೆದುಕೊಂಡ. ಸಹಿ ಕೇಳಿದ. ಹಾಕಿದೆ, ಬಾಲ ಸಮೇತ.

ಜನವರಿ 12

ಜುಮ್ಮಾ ಆದ ಮೇಲೆ ಎಲ್ಲರಿಗೂ ಸರ್ವೇ ಕಥೆ ಹೇಳಿದೆ. ಯಂತ್ರ ತಪ್ಪಿತು, ನಾನು ತಿದ್ದಿದೆ ಎಂದೆ. ಯಾರೂ ನಂಬಲಿಲ್ಲ, ಎಲ್ಲರೂ ಕೇಳಿದರು.

ಫೆಬ್ರವರಿ 6, ಮಂಗಳವಾರ

ಒಂದು ತಿಂಗಳು ಬರೆಯಲಿಲ್ಲ. ಮೀನು ಚೆನ್ನಾಗಿತ್ತು.

ಇವತ್ತು ಕೌನ್ಸಿಲ್ ಗೋಡೆಗೆ ನಕ್ಷೆ ಅಂಟಿಸಿದರು. ರಿಪೋರ್ಟಿನಲ್ಲಿ ನನ್ನ ಹೆಸರು ಅಚ್ಚಾಗಿದೆ. ಸ್ಥಳೀಯ ತಜ್ಞ ಜಲೀಲ್. ದೊಡ್ಡಮನೆಯ ಲಿಪಿ ನನಗೆ ಬಾರದು, ಎರಡು ಸಲ ಓದಿಸಿ ಕೇಳಿದೆ. ಆಮೇಲೆ ನಕ್ಷೆ ನೋಡಿದೆ. ಪಶ್ಚಿಮದಲ್ಲಿ ಒಂದು ಕೆಂಪು ಚೌಕ. ಮರಳು ಹೀರುವ ಜಾಗ.

ಬೋಳು ದಿಬ್ಬ.

ಅಲ್ಲಿ ಹುಟ್ಟುವ ಎರೆಮರಿಗಳೇ ಒಳಗಡಲಿನ ತುಂಬ ಹರಡುವುದು. ಅಲ್ಲಿ ಅಗೆದರೆ ನನ್ನ ದೋಣಿ ಮಾತ್ರವಲ್ಲ, ಊರಿನ ಏಳೂ ದೋಣಿಗೆ ಎರೆ ಇಲ್ಲ. ಇದು ನನ್ನ ದೋಣಿಯ ಹೊರಗೆ ಯಾರಿಗೂ ಗೊತ್ತಿಲ್ಲ.

ಮರಳು ಹೀರುವ ಹಡಗು ಈಗಾಗಲೇ ಹೊರಟಿದೆ. ಹನ್ನೆರಡನೇ ತಾರೀಕಿಗೆ ದೊಡ್ಡಮನೆಯ ಮಂತ್ರಿ ಬಂದು ಗುಂಡಿ ಒತ್ತುತ್ತಾರೆ. ಶಾಲೆಯ ಮಕ್ಕಳು ಎರಡೂ ದೇಶದ ಬಾವುಟ ಅಂಟಿಸುತ್ತಿದ್ದರು. ಅವರದು ಸ್ವಲ್ಪ ದೊಡ್ಡದು.

ಫೆಬ್ರವರಿ 7, ಮಧ್ಯಾಹ್ನ

ನಿಯುಮಾಗೆ ಹೇಳಿಬಿಟ್ಟೆ. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಮಾಮ, ನೀವು ಸುಳ್ಳು ಹೇಳಿದ್ದು ಆಗಲೋ, ಈಗಲೋ?"

ಆಗ ಎಂದೆ.

"ಯಾಕೆ?"

ಇದ್ರೀಸನ ತಮ್ಮ ದೋಣಿಯಲ್ಲಿದ್ದ ಎಂದೆ. ನಗುತ್ತಾಳೆ ಎಂದುಕೊಂಡಿದ್ದೆ. ರೊಟ್ಟಿ ಕರಕಲಾಯಿತು. ಚೌಕವನ್ನು ಅರ್ಧ ಮೈಲಿ ದಕ್ಷಿಣಕ್ಕೆ ಸರಿಸಿದರೆ ಸಾಕು, ಅಲ್ಲಿ ನಿಜವಾಗಿಯೂ ಏನೂ ಇಲ್ಲ ಎಂದು ಹೇಳಿದೆ. ಸರಿಸಬೇಕಾದರೆ ದೊಡ್ಡಮನೆಯವರು ಒಪ್ಪಬೇಕು, ಮಾಲೆಯವರು ಅವರನ್ನು ಕೇಳಬೇಕು ಎಂದಳು.

"ಕೇಳೋರು ಯಾರು? ಹಡಗು ಅವರದು, ಮಂತ್ರಿ ಅವರೋರು, ತಾರೀಕು ಅವರದು. ನಾವು ಬೇಡ ಅಂದ್ರೆ ಪಕ್ಕದ ದ್ವೀಪದೋರು ಕೈ ಚಾಚಿಕೊಂಡು ನಿಂತಿದಾರೆ. ಬಂದರಿಲ್ಲದೆ, ಮಳೆಗಾಲದಲ್ಲಿ ತುಂಬು ಬಸುರಿ ಸಕೀನಾಳನ್ನ ದಡದ ಹವಳ ದಾಟಿಸಿ ದೋಣಿ ಹತ್ತಿಸೋಕಾಗದೆ ಮಗು ಹೋಯ್ತಲ್ಲ, ನೀವೇ ಹೊತ್ತುಕೊಂಡಿದ್ರಿ ಅವಳನ್ನ."

ಹೊತ್ತಿದ್ದೆ. ಸೊಂಟದವರೆಗೆ ನೀರು. ಇಲ್ಲ, ಕುತ್ತಿಗೆಯವರೆಗೆ. ಇದರಲ್ಲಿ ಏರಿಸಿಲ್ಲ.

ಅದೇ ದಿನ, ಸಂಜೆ

ಕೌನ್ಸಿಲ್ ಸಭೆಯಲ್ಲಿ ಎದ್ದು ಹೇಳಿದೆ. ಬೋಳು ದಿಬ್ಬದಲ್ಲಿ ಎರೆ ಇದೆ, ಲೋಕದ ಎರೆಯೆಲ್ಲ ಅಲ್ಲೇ ಇದೆ ಎಂದೆ. 'ಲೋಕದ' ಎನ್ನಬಾರದಿತ್ತು. ಮೊದಲು ಹೆಂಗಸರ ಕಡೆಯಿಂದ ನಗು, ಆಮೇಲೆ ಇಡೀ ಸಭೆ. ಇದ್ರೀಸ್ ಮಾತ್ರ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದ.

"ಇಪ್ಪತ್ತು ವರ್ಷ ಪೂರ್ವ ಪೂರ್ವ ಅಂದೆಯಲ್ಲೋ," ಎಂದ. ಮೆಲ್ಲಗೆ.

ನಕ್ಷೆಯ ಜೊತೆ ಮತ್ತೆ ಬಂದಿದ್ದ ಇಂಜಿನಿಯರ್ ಒಂದೇ ಮಾತು ಹೇಳಿದ. ತೋರಿಸಿ. ನಾಳೆ ಬೆಳಿಗ್ಗೆ, ಎಲ್ಲ ತಂಡೇಲರ ಎದುರು. ಇದ್ದರೆ ತಾನೇ ಫೋಟೋ ಸಮೇತ ಮೇಲಕ್ಕೆ ಬರೆಯುತ್ತಾನಂತೆ.

ತೋರಿಸದಿದ್ದರೆ ಹಡಗು ತಿನ್ನುತ್ತದೆ. ತೋರಿಸಿದರೆ ಆರು ತಂಡೇಲರಿಗೆ ಜಾಗ ಗೊತ್ತಾಗುತ್ತದೆ. ಲತೀಫ್, ನನ್ನ ದೋಣಿಯಲ್ಲಿ ಹಳಬ, ಎರೆ ಜಾಗ ಬದಲಿಸಿದ್ದರೆ ಏನು ಮಾಡ್ತೀರಿ ಎಂದು ಕೇಳಿದ. ಒಮ್ಮೊಮ್ಮೆ ವಾರಗಟ್ಟಲೆ ಆಳಕ್ಕೆ ಇಳಿದುಬಿಡುತ್ತದೆ. ಅವನಿಗೆ ಬೈದೆ.

ಫೆಬ್ರವರಿ 8, ಬೆಳಿಗ್ಗೆ 9

ಏಳು ದೋಣಿ ಸಾಲಾಗಿ. ನಾನು ಮುಂದೆ, ಮದುವೆಯ ಗಂಡಿನ ಹಾಗೆ.

ಮೊದಲ ಬಲೆ ಖಾಲಿ. ಎರಡನೆಯದೂ ಖಾಲಿ. ಇಂಜಿನಿಯರ್ ಗಡಿಯಾರ ನೋಡಿದ. ನಿಯುಮಾ ದೋಣಿಯ ಅಂಚು ಹಿಡಿದಿದ್ದಳು. ನೀರಿಗೆ ಹಾರಿದೆ — ಐವತ್ತೊಂಬತ್ತನೇ ವಯಸ್ಸಿಗೆ. ಹವಳದ ಅಡಿಯಲ್ಲಿ ಕತ್ತಲು, ಆ ಕತ್ತಲು ಅಲುಗುತ್ತಿತ್ತು. ಕೈ ಬೀಸಿ ಹೆದರಿಸಿದೆ. ಮೋಡ ಒಡೆದ ಹಾಗೆ ಹೊರಗೆ ಬಂದವು.

ಮೂರನೇ ಬಲೆ ಎತ್ತಲು ಹನ್ನೊಂದು ಜನ ಬೇಕಾದರು. ಇಂಜಿನಿಯರ್ ಫೋಟೋ ತೆಗೆದ, ತೆಗೆದ, ತೆಗೆದ. ಆಮೇಲೆ ಟೋಪಿ ತೆಗೆದ. ನಿಯುಮಾ ಅತ್ತಳು. ಇದ್ರೀಸ್ ಬಲೆ ನೋಡಲಿಲ್ಲ. ದಡದ ತೆಂಗುಗಳನ್ನು, ದಿಬ್ಬದ ಮೂಲೆಯನ್ನು ನೋಡುತ್ತಿದ್ದ. ಗುರುತು ಹಾಕಿಕೊಳ್ಳುತ್ತಿದ್ದ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಬಲೆ ಬಿಚ್ಚಿ ಎಲ್ಲವನ್ನೂ ನೀರಿಗೆ ಬಿಟ್ಟೆ. ಚೌಕ ಸರಿಯುವವರೆಗೆ ಯಾರೂ ಇಲ್ಲಿಗೆ ಬರಬಾರದು ಎಂದೆ. ಎಲ್ಲರೂ ತಲೆಯಾಡಿಸಿದರು.

ಫೆಬ್ರವರಿ 10

ಉತ್ತರ ಬಂತು. ಹೊಳುಆಶಿಯ, ದಡದ ಹರಟೆ ಚಪ್ಪರದ, ನೆರಳಲ್ಲಿ ಬಲೆ ಹೊಲಿಯುತ್ತಿದ್ದೆ. ನಿಯುಮಾ ಪಕ್ಕದಲ್ಲಿ ಬಂದು ಕೂತಳು, ಚಪ್ಪಲಿ ಕಳಚಿ.

ಫೋಟೋ ಎಲ್ಲರೂ ನೋಡಿದರಂತೆ. ಬೇಸರವಾಯಿತಂತೆ. ಆದರೆ ಚೌಕ ಸರಿಸಲು ಹೊಸ ಸರ್ವೇ ಬೇಕು, ಹೊಸ ಸರ್ವೇಗೆ ನಾಲ್ಕು ತಿಂಗಳು, ಹಡಗಿಗೆ ನಾಲ್ಕು ದಿನವೂ ಬಿಡುವಿಲ್ಲ. ಅಲ್ಲದೆ ತಜ್ಞರ ಸಹಿ ಇರುವ ಕಾಗದವೊಂದು ಈಗಾಗಲೇ ಇದೆ. ಮಂತ್ರಿಗಳ ಪ್ರವಾಸ ಬದಲಾಗುವುದಿಲ್ಲ. ಬೇಡವಾದರೆ ಈಗಲೇ ತಿಳಿಸಬೇಕು, ಹಡಗು ಪಕ್ಕದ ದ್ವೀಪಕ್ಕೆ ಹೋಗುತ್ತದೆ.

"ಮಾಲೆಗೆ ಎರಡು ಸಲ ಫೋನ್ ಮಾಡಿದೆ ಮಾಮ. ಮೂರನೇ ಸಲ ಎತ್ತಲಿಲ್ಲ."

ನೀನು ಏನು ಹೇಳಿದೆ ಎಂದು ಕೇಳಿದೆ.

"ಬರಲಿ ಅಂದೆ." ಚಪ್ಪಲಿಯ ಮರಳು ಕೊಡವಿ, "ಬಂದರು ಬಿಡೋಕಾಗಲ್ಲ ನಂಗೆ. ಬೈಯಿರಿ."

ಬೈಯಲಿಲ್ಲ. ಸಹಿ ನನ್ನದು. ಸೂಜಿ ಎಲ್ಲೋ ಬಿದ್ದುಹೋಯಿತು, ಇಬ್ಬರೂ ಹುಡುಕಿದೆವು.

ಪರಿಹಾರ ಇದೆಯಂತೆ. ಏಳೂ ದೋಣಿಗೆ ಹೊಸ ಎರೆಬಲೆ, ದೊಡ್ಡಮನೆಯಿಂದ.

ಫೆಬ್ರವರಿ 11, ಬೆಳಿಗ್ಗೆ 6.20

ದೋಣಿಯಲ್ಲೇ ಬರೆಯುತ್ತಿದ್ದೇನೆ. ಅಕ್ಷರಗಳು ಕುಣಿಯುತ್ತಿವೆ.

ಬೋಳು ದಿಬ್ಬಕ್ಕೆ ನಾನು ಬರುವ ಮೊದಲೇ ಆರು ದೋಣಿಗಳು. ಬಲೆಗಳು ನೀರಲ್ಲಿ. ದೂರದಲ್ಲಿ ಹಡಗು, ಮಸೀದಿಗಿಂತ ಎತ್ತರ, ಲಂಗರು ಬಿಟ್ಟು ನಿಂತಿದೆ. ಕೂಗಿದೆ. ಇದ್ರೀಸ್ ತಿರುಗಿದ, ಮುಖದಲ್ಲಿ ಕುಹಕ ಇರಲಿಲ್ಲ.

"ನಾಳೆ ಮರಳಿನ ಜೊತೆ ಪೈಪಿನೊಳಗೆ ಹೋಗುತ್ತೆ ಜಲೀಲ್. ಇವತ್ತು ನಮ್ಮ ಜೊತೆ ಬರಲಿ. ನೀನೂ ಇಳಿಸು."

ಲತೀಫ್ ಬಲೆ ಹಿಡಿದು ನಿಂತಿದ್ದ. ಎಂಟೂ ಜನ ನನ್ನ ಮುಖ ನೋಡುತ್ತಿದ್ದರು. ಎಂಟು ಮನೆ.

ಇಳಿಸಿ ಎಂದೆ.

ಮೊದಲ ಬಲೆಗೇ ಬಂದವು. ಹೆದರಿಸಬೇಕಾಗಲಿಲ್ಲ, ನಾಲ್ಕೂ ಕಡೆಯ ಬಲೆಗಳಿಂದ ತಪ್ಪಿಸಿಕೊಂಡು ಓಡಿಬಂದವೆಲ್ಲ ಇಲ್ಲಿಗೇ ನುಗ್ಗಿದವು. ದೋಣಿಯ ಹೊಟ್ಟೆ ತುಂಬಿತು. ಬಕೆಟ್ ತುಂಬಿತು, ಅಡುಗೆ ಪಾತ್ರೆ ತುಂಬಿತು. ಲತೀಫ್ ಇನ್ನೂ ಎತ್ತುತ್ತಿದ್ದಾನೆ. ಇಪ್ಪತ್ತೆರಡು ವರ್ಷದಲ್ಲಿ ಇಷ್ಟು ನೋಡಿಲ್ಲ. ಏರಿಸುತ್ತಿಲ್ಲ, ಇದ್ದದ್ದೇ ಬರೆಯುತ್ತೇನೆ. ಎಷ್ಟೆಂದರೆ, ಇನ್ನು ಬೋಳು ದಿಬ್ಬದಲ್ಲಿ ಏನೂ ಇಲ್ಲ.